ರೂಮ್ ದೇಶಕ್ಕೆ ಹೊರಟ 900 ಮಂದಿ

ಹೊಸದುರ್ಗದ ತೆಂಗಿನ ವ್ಯಾಪಾರಿಗಳಾದ ಹಿರಿಯರೊಬ್ಬರು ಕಳೆದ ವರ್ಷ ಉಮ್ರಾ ಯಾತ್ರೆಯಿಂದ ಮರಳಿದಾಗ ಅವರನ್ನು ಕಾಣಲು ನಾನು ಹಿರಿಯೂರಿನಿಂದ ಹೋಗಿದ್ದೆ. ನನ್ನ ಬಳಿ ಸಂಜೆ ಪಾಠಕ್ಕೆ ಬರುವ ಮೂವರು ಹುಡುಗರೂ ಜೊತೆಗಿದ್ದರು. ಹಿರಿಯರು ನಮ್ಮೆಲ್ಲರಿಗೂ ಖರ್ಜೂರ ಕೊಟ್ಟು, ಝಮ್‌ಝಮ್ ನೀರು ಕುಡಿಸಿ ಸತ್ಕರಿಸಿದರು. ಮಕ್ಕಾ ಮದೀನಾಗಳ ಮಾತು ಬಂದಾಗ ಅವರ ಕಣ್ಣು ತುಂಬಿ ಬಂದವು. ಬಳಿಕ ಮೊಬೈಲ್ ತೆರೆದು ಇಸ್ತಾಂಬುಲ್ ನಗರದ ಚಿತ್ರಗಳನ್ನು ತೋರಿಸಿದರು. ಮರಳುವ ದಾರಿಯಲ್ಲಿ ನಾಲ್ಕು ದಿನ ಅಲ್ಲಿ ತಂಗುವ ವ್ಯವಸ್ಥೆಯನ್ನು ಟ್ರಾವೆಲ್ಸ್‌ನವರು ಮಾಡಿದ್ದರಂತೆ.

ಹುಡುಗನೊಬ್ಬ ಕುತೂಹಲದಿಂದ, "ಚಾಚಾ, ಅಲ್ಲಿ ಏನೇನು ನೋಡಿದಿರಿ?" ಎಂದು ಕೇಳಿದ.

"ಏನು ಹೇಳಲಿ ಮಗಾ, ಎಲ್ಲ ದೊಡ್ಡ ದೊಡ್ಡ ಮಸೀದಿ, ಅರಮನೆ. ಗೈಡ್ ಅವಸರ ಮಾಡುತ್ತಿದ್ದ. ಫೋಟೋ ತೆಗೆದುಕೊಂಡು ಬಂದೆವು" ಎಂದರು ಅವರು. ಅದರಲ್ಲಿ ಅಹಂಕಾರವಿರಲಿಲ್ಲ. ಪ್ರಾಮಾಣಿಕವಾದ ಉತ್ತರವೇ ಆಗಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ ಅದೇ ಹುಡುಗ ನನ್ನನ್ನು ಕೇಳಿದ: "ಹಜರತ್, ನಮ್ಮ ಕಡೆಯಿಂದ ಹಿಂದಿನ ಕಾಲದಲ್ಲಿ ಯಾರಾದರೂ ಅಲ್ಲಿಗೆ ಹೋಗಿದ್ದರಾ?" ಹೋಗಿದ್ದರು ಎಂದು ಹೇಳಿದೆ. ಆ ದಿನ ಬಸ್ಸಿನ ಗದ್ದಲದಲ್ಲಿ ಅರ್ಧದಷ್ಟೇ ಹೇಳಲು ಸಾಧ್ಯವಾದ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಪ್ರಯಾಣ ಮತ್ತು ಪಾಠ

ಭೂಮಿಯಲ್ಲಿ ಸಂಚರಿಸಿರಿ, ನಿಮಗಿಂತ ಹಿಂದೆ ಆಗಿಹೋದವರ ಪರಿಣಾಮವೇನಾಯಿತೆಂದು ನೋಡಿರಿ ಎಂಬ ಆಶಯವನ್ನು ಪವಿತ್ರ ಕುರ್‌ಆನ್ ಒಂದೆರಡು ಕಡೆಯಲ್ಲ, ಹಲವು ಅಧ್ಯಾಯಗಳಲ್ಲಿ ಮುಂದಿಡುತ್ತದೆ. ಇಲ್ಲಿ ಪ್ರಯಾಣಕ್ಕಿರುವ ಉದ್ದೇಶ ಬರಿಯ ವಿನೋದವಲ್ಲ. ಅಳಿದ ನಗರಗಳ ಮುಂದೆ ನಿಂತಾಗ ಮನುಷ್ಯನಿಗೆ ತನ್ನ ಅಳತೆ ತಿಳಿಯಬೇಕು. ಇದನ್ನೇ ನಮ್ಮ ವಿದ್ವಾಂಸರು 'ಇಬ್ರತ್' ಎಂದು ಕರೆದರು. ಕಂಡದ್ದರಿಂದ ಪಾಠ ಕಲಿಯುವುದು ಎಂದು ಅದರ ಅರ್ಥ. ವಿದ್ಯೆಗಾಗಿ, ಹದೀಸ್ ಸಂಗ್ರಹಕ್ಕಾಗಿ ಊರಿಂದೂರಿಗೆ ನಡೆದವರ ಪರಂಪರೆ ಇದರಿಂದಲೇ ಬೆಳೆಯಿತು. ಪ್ರವಾಸಕಥನವೆಂಬುದು ಅರಬಿ ಸಾಹಿತ್ಯದಲ್ಲಿ 'ರಿಹ್ಲಾ' ಎಂಬ ಹೆಸರಿನಿಂದ ಒಂದು ಪ್ರಕಾರವಾಗಿಯೇ ನೆಲೆಗೊಂಡಿತು.

ಆ ಪರಂಪರೆಯ ಇಬ್ಬರು ನಮ್ಮ ನಾಡಿಗೂ ಬಂದಿದ್ದರು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುದನ್ನು, ಅಲ್ಲಿಯ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿದ್ದುದನ್ನು ಬರೆದಿಟ್ಟನು. ಅರಮನೆಯ ವೈಭವದ ನಡುವೆಯೂ ಶಾಲೆಗಳ ಲೆಕ್ಕ ತೆಗೆದುಕೊಂಡ ಆ ಕಣ್ಣನ್ನು ಮೆಚ್ಚಲೇಬೇಕು. ಅವನು ಬರೆಯದೆ ಹೋಗಿದ್ದರೆ ಕರಾವಳಿಯ ನಮ್ಮ ತಾಯಂದಿರ ಆ ವಿದ್ಯೆಯ ಸುದ್ದಿಯೇ ನಮಗೆ ತಲುಪುತ್ತಿರಲಿಲ್ಲ. ನೂರು ವರ್ಷಗಳ ತರುವಾಯ, 1443ರಲ್ಲಿ, ಹಿರಾತಿನ ಅರಸ ಶಾಹ್‌ರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ರಝಾಕನು ಮಂಗಳೂರಿನಿಂದ ಘಟ್ಟ ಹತ್ತಿ ಹೋಗುವ ದಾರಿಯಲ್ಲಿ ಕಂಡ ದೇವಾಲಯಗಳ ಶಿಲ್ಪವನ್ನು ಮನಸಾರೆ ಹೊಗಳಿದನು. ಅವನ ವಿಶ್ವಾಸ ಬೇರೆ, ಅವನು ಕಂಡ ಕಲ್ಲಿನ ಕೆಲಸದ ಹಿಂದಿನ ವಿಶ್ವಾಸ ಬೇರೆ. ಆದರೂ ಕಂಡದ್ದನ್ನು ಕಂಡ ಹಾಗೆ ಹೇಳುವುದರಲ್ಲಿ ಅವನು ಜಿಪುಣತನ ತೋರಲಿಲ್ಲ.

ಇವರಿಬ್ಬರೂ ನಮ್ಮಲ್ಲಿಗೆ ಬಂದವರು. ಇಲ್ಲಿಂದ ಅಲ್ಲಿಗೆ ಹೋದವರ ಕಥೆ ಇನ್ನೊಂದಿದೆ.

ತದಡಿಯಿಂದ ಹೊರಟ ಹಡಗುಗಳು

ಉತ್ತರ ಕನ್ನಡದಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವೆಡೆ ತದಡಿ ಎಂಬ ಸಣ್ಣ ಬಂದರಿದೆ. 1786ರ ಮಾರ್ಚ್ ತಿಂಗಳಲ್ಲಿ ಅಲ್ಲಿಂದ ನಾಲ್ಕು ಹಡಗುಗಳು ಪಶ್ಚಿಮಕ್ಕೆ ಹೊರಟವು. 'ಗುರಾಬೆ ಸೂರತಿ', 'ಫಖ್ರುಲ್ ಮರಾಕಿಬ್', 'ಫತ್‌ಹೆ ಶಾಹಿ ಮುಅಝ್ಝಮಿ' ಮತ್ತು 'ನಬಿ ಬಖ್ಶ್' ಎಂಬುವು ಅವುಗಳ ಹೆಸರು. ಟಿಪ್ಪು ಸುಲ್ತಾನನು ಉಸ್ಮಾನಿ ಖಲೀಫನ ಬಳಿಗೆ ಕಳುಹಿಸಿದ ರಾಯಭಾರ ಅದು. ಗುಲಾಮ್ ಅಲಿ ಖಾನ್ ಮುಖ್ಯಸ್ಥನಾಗಿದ್ದನು. ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್ ಮತ್ತು ಜಾಫರ್ ಖಾನ್ ಅವನ ಜೊತೆಗಾರರು. ಸೈನಿಕರು, ಗುಮಾಸ್ತರು, ಅಡುಗೆಯವರು, ಸೇವಕರು ಎಲ್ಲರೂ ಸೇರಿ ಸುಮಾರು 900 ಮಂದಿ. ಹಡಗುಗಳಲ್ಲಿ ಕಾಳುಮೆಣಸು, ಗಂಧದ ಮರ, ಏಲಕ್ಕಿ ಮೊದಲಾದ ಸರಕುಗಳಿದ್ದವು. ಕಾಣಿಕೆಗೆಂದು ಆನೆಗಳೂ ಇದ್ದವು.

ಈ ಪ್ರಯಾಣದ ಬಗ್ಗೆ ನಮಗಿಂದು ತಿಳಿದಿರುವುದಕ್ಕೆ ಬಹುಮಟ್ಟಿಗೆ ಒಬ್ಬ ಗುಮಾಸ್ತ ಕಾರಣ. ಖ್ವಾಜಾ ಅಬ್ದುಲ್ ಕಾದಿರ್ ಎಂಬ ಮುನ್ಷಿ ಪಾರಸಿ ಭಾಷೆಯಲ್ಲಿ ದಿನಚರಿ ಬರೆಯುತ್ತಾ ಹೋದನು. 'ವಕಾಯಿಏ ಮನಾಝಿಲೆ ರೂಮ್' ಎಂದು ಅದರ ಹೆಸರು. ರೂಮ್ ದೇಶದ ದಾರಿಯ ತಂಗುದಾಣಗಳ ವೃತ್ತಾಂತ ಎಂದು ಹೇಳಬಹುದು. ಉಸ್ಮಾನಿಯರ ನಾಡನ್ನು ಆ ಕಾಲದ ಪಾರಸಿ ಬರಹಗಾರರು 'ರೂಮ್' ಎಂದೇ ಕರೆಯುತ್ತಿದ್ದರು. ಒಂದು ಕಾಲದಲ್ಲಿ ರೋಮ್ ಸಾಮ್ರಾಜ್ಯದ ಪೂರ್ವ ರಾಜಧಾನಿಯಾಗಿದ್ದ ನಗರವಲ್ಲವೇ ಅದು! ಇತಿಹಾಸಕಾರ ಮುಹಿಬ್ಬುಲ್ ಹಸನ್ ಅವರು ಈ ದಿನಚರಿಯನ್ನು ಸಂಪಾದಿಸಿ 1968ರಲ್ಲಿ ಪ್ರಕಟಿಸಿದರು.

ದಿನಚರಿಯಲ್ಲಿ ರಾಯಭಾರಿಗಳ ಪರಸ್ಪರ ಜಗಳಗಳೂ ಇವೆ, ವ್ಯಾಪಾರದ ಸಂಗತಿಗಳೂ ಇವೆ, ರೋಗ ಮರಣಗಳೂ ಇವೆ. ತನ್ನ ಮೇಲಧಿಕಾರಿಗಳ ಸಣ್ಣತನವನ್ನು ಮುಚ್ಚಿಡದೆ ಬರೆದುದರಿಂದಲೇ ಅದು ಇಂದಿಗೂ ಬೆಲೆಯುಳ್ಳದ್ದಾಗಿದೆ. ಹೊಗಳಿಕೆಯನ್ನಷ್ಟೇ ಬರೆದಿದ್ದರೆ ಎರಡು ನೂರು ವರ್ಷಗಳ ಬಳಿಕ ಅದನ್ನು ಯಾರು ತೆರೆಯುತ್ತಿದ್ದರು?

ಹಡಗುಗಳು ಮೊದಲು ಮಸ್ಕತ್ ಮುಟ್ಟಿದವು. ಅಲ್ಲಿ ಸುಲ್ತಾನನ ವ್ಯಾಪಾರ ಕೋಠಿ ಇತ್ತು. ಮಂಗಳೂರಿನ ಅಕ್ಕಿ ಬಹಳ ಹಿಂದಿನಿಂದಲೂ ಆ ಪೇಟೆಗೆ ಹೋಗುತ್ತಿತ್ತು. ಮಸ್ಕತ್‌ನಿಂದ ರೇಷ್ಮೆ ಹುಳುವನ್ನು, ಅದನ್ನು ಸಾಕಬಲ್ಲವರನ್ನು ಕಳುಹಿಸಿಕೊಡುವಂತೆ ಟಿಪ್ಪು ತನ್ನ ಕೋಠಿಯ ಅಧಿಕಾರಿಗೆ ಬರೆದ ಪತ್ರ ಉಳಿದಿದೆ. ರೇಷ್ಮೆ ಸಾಕಣೆಯನ್ನು ಮೈಸೂರು ನಾಡಿನಲ್ಲಿ ನೆಲೆಗೊಳಿಸಲು ನಡೆದ ಯತ್ನಗಳಲ್ಲಿ ಅದೂ ಒಂದು. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಹೆಮ್ಮೆಯಿಂದ ಕೊಳ್ಳುವ ನಮ್ಮ ಜಿಲ್ಲೆಯವರು ಒಮ್ಮೆ ಈ ಪತ್ರವನ್ನೂ ನೆನೆಯಬಹುದು. ರಾಯಭಾರಿಗಳಿಗೂ ಇಂತಹದೇ ಆಜ್ಞೆಯಿತ್ತು. ಹೋದ ನಾಡುಗಳಿಂದ ಬಂದೂಕು, ಗಡಿಯಾರ, ಗಾಜು, ಪಿಂಗಾಣಿಗಳನ್ನು ಮಾಡಬಲ್ಲ ಕುಶಲಕರ್ಮಿಗಳನ್ನು ಕರೆತರಬೇಕೆಂದು ಸುಲ್ತಾನನು ಅಪ್ಪಣೆ ಮಾಡಿದ್ದನು. ಪ್ರಯಾಣದಿಂದ ನಾಡಿಗೆ ಒಂದು ವಿದ್ಯೆ ಬರಬೇಕೆಂಬುದು ಅವನ ನಿರೀಕ್ಷೆಯಾಗಿತ್ತು.

ಇಸ್ತಾಂಬುಲಿನ ಚಳಿಗಾಲ

ಪಾರಸಿ ಕೊಲ್ಲಿಯಲ್ಲಿ ಕಷ್ಟಗಳು ಒಂದರ ಮೇಲೊಂದಾಗಿ ಬಂದವು. ಹಡಗುಗಳು ನಷ್ಟವಾದವು. ಕಾಣಿಕೆಗೆ ಒಯ್ದ ಆನೆಗಳಲ್ಲಿ ಒಂದೂ ಗುರಿ ತಲುಪಲಿಲ್ಲ. ಬಸ್ರಾದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಅಬ್ದುಲ್ ಕಾದಿರನ ದಿನಚರಿ 1787ರ ಆರಂಭಕ್ಕೆ ನಿಂತುಹೋಗುತ್ತದೆ. ಮುಂದಿನ ದಾರಿಯನ್ನು ನಾವು ಬೇರೆ ದಾಖಲೆಗಳಿಂದ ತಿಳಿಯುತ್ತೇವೆ. ಬಗ್ದಾದ್, ಮೌಸಿಲ್, ದಿಯಾರ್‌ಬಕಿರ್ ನಗರಗಳ ಮೂಲಕ ನೆಲದ ಮೇಲೆ ಪಯಣಿಸಿ ಅವರು 1787ರ ಸೆಪ್ಟೆಂಬರಿನಲ್ಲಿ ಇಸ್ತಾಂಬುಲ್ ತಲುಪಿದರು. ತದಡಿ ಬಿಟ್ಟು ಒಂದೂವರೆ ವರ್ಷವಾಗಿತ್ತು. ನವೆಂಬರಿನಲ್ಲಿ ಸುಲ್ತಾನ್ ಒಂದನೆಯ ಅಬ್ದುಲ್ ಹಮೀದನು ಅವರಿಗೆ ದರ್ಶನವಿತ್ತನು.

ಅವರು ಕೇಳಿದ್ದು ಬಹಳ. ಬಸ್ರಾ ಬಂದರಿನಲ್ಲಿ ವ್ಯಾಪಾರದ ಸೌಲಭ್ಯ ಬೇಕೆಂದರು. ಅದಕ್ಕೆ ಬದಲಾಗಿ ಮಂಗಳೂರಿನಲ್ಲಿ ಉಸ್ಮಾನಿಯರಿಗೆ ಸೌಲಭ್ಯ ಕೊಡಲು ಮೈಸೂರು ಸಿದ್ಧವಿತ್ತು. ನೀರಿನ ಬರದಿಂದ ಬಳಲುತ್ತಿದ್ದ ನಜಫ್ ನಗರಕ್ಕೆ ಯೂಫ್ರೆಟಿಸ್ ನದಿಯಿಂದ ಕಾಲುವೆ ತೋಡಿಸಲು ಅನುಮತಿ ಬೇಡಿದರು. ವಾಣಿವಿಲಾಸ ಸಾಗರದ ನೀರು ಕುಡಿದು ಬೆಳೆದ ಹಿರಿಯೂರಿನವನಾದ ನನಗೆ ಈ ಕಾಲುವೆಯ ಮಾತು ಓದಿದಾಗಲೆಲ್ಲ ಮನಸ್ಸು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಒಣನಾಡಿನವರಿಗೆ ಒಣನಾಡಿನ ಬಾಯಾರಿಕೆ ಬೇಗ ಅರ್ಥವಾಗುತ್ತದೆ.

ದೊರೆತದ್ದು ಸ್ವಲ್ಪ. ಅದೇ ವರ್ಷ ಆಗಸ್ಟಿನಲ್ಲಿ ಉಸ್ಮಾನಿಯರು ರಷ್ಯಾದ ಮೇಲೆ ಯುದ್ಧ ಸಾರಿದ್ದರು. ಬ್ರಿಟಿಷರನ್ನು ಎದುರುಹಾಕಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಸ್ವತಂತ್ರ ಅರಸನೆಂಬ ಮನ್ನಣೆ, ಖುತ್ಬಾ ಮತ್ತು ನಾಣ್ಯಗಳ ಹಕ್ಕು, ಉಡುಗೊರೆಗಳು ದೊರೆತವು. ಬಸ್ರಾವೂ ದೊರೆಯಲಿಲ್ಲ, ಕಾಲುವೆಯೂ ಆಗಲಿಲ್ಲ, ಬ್ರಿಟಿಷರ ವಿರುದ್ಧ ಸಹಾಯವೂ ಬರಲಿಲ್ಲ.

ಇದಕ್ಕಿಂತ ದೊಡ್ಡ ನಷ್ಟವೆಂದರೆ ಜೀವಗಳದು. ಬಯಲುಸೀಮೆಯ ಬಿಸಿಲಿಗೆ ಒಗ್ಗಿದ ದೇಹಗಳು ಬಾಸ್ಫರಸ್ ದಂಡೆಯ ಚಳಿಯನ್ನು ತಡೆಯಲಿಲ್ಲ. ಅದರ ಮೇಲೆ ಪ್ಲೇಗ್ ಹಬ್ಬಿತು. ನೂರಾರು ಮಂದಿ ದಾರಿಯುದ್ದಕ್ಕೂ ಮಣ್ಣಾದರು. ಉಳಿದವರು ಈಜಿಪ್ತಿನ ಮಾರ್ಗವಾಗಿ ಜಿದ್ದಾಕ್ಕೆ ಬಂದು, ಪವಿತ್ರ ನಗರಗಳ ದರ್ಶನ ಪಡೆದು, 1789ರ ಕೊನೆಯ ವೇಳೆಗೆ ಮಲಬಾರಿನ ತೀರಕ್ಕೆ ಮರಳಿದರು. ಹೊರಟ 900 ಮಂದಿಯಲ್ಲಿ ಮನೆ ಸೇರಿದವರು ಅತ್ಯಲ್ಪ. ಕಾಲುಗಳ ಶಕ್ತಿ ಉಡುಗಿದ್ದ ಗುಲಾಮ್ ಅಲಿ ಖಾನನನ್ನು ಮುಂದೆ ಬೆಳ್ಳಿಯ ಕುರ್ಚಿಯಲ್ಲಿ ಹೊತ್ತು ತರುತ್ತಿದ್ದುದನ್ನು ಇಂಗ್ಲಿಷರೂ ಬರೆದಿಟ್ಟಿದ್ದಾರೆ.

ಇದೇ ಕಾಲದಲ್ಲಿ ಇನ್ನೊಂದು ರಾಯಭಾರವೂ ಹೊರಟಿತ್ತು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ಪುದುಚೇರಿಯಿಂದ ಹೊರಟು ಫ್ರಾನ್ಸ್ ತಲುಪಿ, 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಪ್ಯಾರಿಸ್ ನಗರದ ಜನ ಅವರ ಉಡುಪನ್ನು ನೋಡಲು ಮುತ್ತಿದರು. ದರ್ವೇಶ್ ಖಾನನ ಆಳೆತ್ತರದ ಚಿತ್ರವನ್ನು ಆ ಕಾಲದ ಪ್ರಸಿದ್ಧ ಕಲಾವಿದೆ ವಿಜೇ ಲ ಬ್ರುಂ ಬರೆದರು. ಅವರು ಆ ಸಿಂಹಾಸನದ ಮುಂದೆ ನಿಂತು ಒಂದು ವರ್ಷ ತುಂಬುವ ಮೊದಲೇ ಬಾಸ್ಟೀಲ್ ಕೋಟೆ ಬಿತ್ತು. ನಾಲ್ಕೂವರೆ ವರ್ಷಗಳಲ್ಲಿ ಅರಸನ ತಲೆಯೂ ಉರುಳಿತು. ಅವರನ್ನು ಕಳುಹಿಸಿದ ಸುಲ್ತಾನನ ರಾಜಧಾನಿ 1799ರಲ್ಲಿ ಬಿತ್ತು. ಉಸ್ಮಾನಿಯರ ಅರಮನೆ ತೊಪ್‌ಕಾಪಿ ಇಂದು ಟಿಕೆಟು ಕೊಟ್ಟು ಒಳಹೋಗುವ ವಸ್ತುಸಂಗ್ರಹಾಲಯ. ಮೂರು ದರ್ಬಾರುಗಳಲ್ಲಿ ಒಂದೂ ಉಳಿಯಲಿಲ್ಲ. ನಮ್ಮ ಹಿರಿಯರು ಫೋಟೋ ತೆಗೆದುಕೊಂಡು ಬಂದದ್ದು ಆ ಅರಮನೆಯ ಬಾಗಿಲಿನಲ್ಲಿಯೇ. ಗೈಡ್ ಸ್ವಲ್ಪ ಹೊತ್ತು ಬಿಟ್ಟಿದ್ದರೆ, ನಮ್ಮ ನಾಡಿನವರು ಯಾವ ಆಸೆ ಹೊತ್ತು ಆ ನಗರಕ್ಕೆ ಬಂದಿದ್ದರೆಂಬುದನ್ನು ಅವರೂ ನೆನೆಯಬಹುದಿತ್ತು.

ದುರ್ಗದವನ ಲೆಕ್ಕ

ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ನಮ್ಮವರು ಎಷ್ಟು ದೂರ ಹೋಗಿದ್ದರು ನೋಡಿ ಎಂದು ಹೆಮ್ಮೆಪಟ್ಟು ಮುಗಿಸಬಹುದು. ಆದರೆ ಚಿತ್ರದುರ್ಗದ ನೆಲದಲ್ಲಿ ಬದುಕುವವನು ಹಾಗೆ ಮಾಡಲಾಗದು. ಆ ಹಡಗುಗಳು ತದಡಿ ಬಿಡುವುದಕ್ಕೆ ಏಳು ವರ್ಷ ಮೊದಲು, 1779ರಲ್ಲಿ, ಹೈದರ್ ಅಲಿಯ ಸೈನ್ಯ ಚಿತ್ರದುರ್ಗವನ್ನು ಗೆದ್ದಿತ್ತು. ಮದಕರಿ ನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟನು. ನಾಯಕನ ಸೈನ್ಯದಲ್ಲಿ ಮುಸ್ಲಿಮ್ ಸೈನಿಕರೂ ಇದ್ದರೆಂದು, ಕೋಟೆಯ ಪತನದಲ್ಲಿ ಅವರ ದ್ರೋಹದ ಪಾಲಿತ್ತೆಂದು ಮೈಸೂರಿನ ಗೆಜೆಟಿಯರ್ ಹೇಳುತ್ತದೆ. ಗೆದ್ದ ಬಳಿಕ 20,000ದಷ್ಟು ಬೇಡರನ್ನು ಈ ನೆಲದಿಂದ ಕಿತ್ತು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತೆಂದೂ ಅವರ ಬಾಲಕರಿಂದ ಚೇಲಾ ದಳಗಳನ್ನು ಕಟ್ಟಲಾಯಿತೆಂದೂ ಅದೇ ದಾಖಲಿಸುತ್ತದೆ. ಮುಂದೆ ದುರ್ಗಕ್ಕೆ 'ಫರ್ರುಖ್‌ಯಾಬ್ ಹಿಸಾರ್' ಎಂಬ ಹೊಸ ಹೆಸರು ಬಂದಿತು. ಆ ಹೆಸರು ಹೊತ್ತ ನಾಣ್ಯಗಳೂ ಇಲ್ಲಿ ಅಚ್ಚಾದವು. ಇಂದು ಆ ಹೆಸರನ್ನು ಬಲ್ಲವರು ನಾಣ್ಯ ಸಂಗ್ರಹಿಸುವವರು ಮಾತ್ರ. ಓಬವ್ವನ ಕಿಂಡಿಯನ್ನು ಬಲ್ಲದ ಮಗು ಈ ಜಿಲ್ಲೆಯಲ್ಲಿಲ್ಲ.

ಹೀಗೆ ಬರೆಯುವುದರಿಂದ ಕೆಲವರಿಗೆ ಬೇಸರವಾಗಬಹುದು. ನಮ್ಮವರ ತಪ್ಪನ್ನು ನಾವೇ ಎತ್ತಿ ತೋರಿಸಬೇಕೇ ಎಂದು ಕೇಳಬಹುದು. ನ್ಯಾಯದ ಸಾಕ್ಷ್ಯ ನಿಮಗೆ, ನಿಮ್ಮ ತಂದೆತಾಯಿಗೆ, ನಿಮ್ಮ ಬಂಧುಗಳಿಗೆ ವಿರುದ್ಧವಾದರೂ ಅದನ್ನು ನುಡಿಯಬೇಕೆಂಬುದು ನಮ್ಮ ಧರ್ಮಗ್ರಂಥದ ಆದೇಶವೇ ಆಗಿರುವಾಗ, ಇನ್ನೂರು ವರ್ಷಗಳ ಹಿಂದಿನ ಅರಸರ ವಿಷಯದಲ್ಲಿ ನಮಗೇಕೆ ಹಿಂಜರಿಕೆ? ಹೈದರನ ಸೈನ್ಯ ಮಾಡಿದ್ದಕ್ಕೆ ಇಂದು ಹೊಸದುರ್ಗದಲ್ಲಿ ತೆಂಗು ಮಾರುವವನಾಗಲಿ ಹಿರಿಯೂರಿನಲ್ಲಿ ಪಾಠ ಹೇಳುವವನಾಗಲಿ ಹೊಣೆಯಲ್ಲ. ಆದರೆ ಗೆಲುವನ್ನು ನಮ್ಮದೆಂದು ಹೇಳಿಕೊಂಡು, ಗೆಲುವಿನ ಹಿಂದಿನ ಕಣ್ಣೀರನ್ನು ಬೇರೆಯವರದೆಂದು ಬಿಡುವುದು ಇಬ್ರತ್ ಅಲ್ಲ. ನಜಫಿನ ಬಾಯಾರಿಕೆಗೆ ಮರುಗಿದ ಆಡಳಿತವೂ ಅದೇ, ಬೇಡರ ಮನೆಗಳನ್ನು ಖಾಲಿ ಮಾಡಿಸಿದ ಆಡಳಿತವೂ ಅದೇ. ಎರಡನ್ನೂ ಒಂದೇ ಕೈಯಿಂದ ಬರೆದವನು ಮಾತ್ರ ಅಬ್ದುಲ್ ಕಾದಿರನ ಸಾಲಿಗೆ ಸೇರುತ್ತಾನೆ.

ದೂರದೇಶವನ್ನು ನೋಡುವ ಕಣ್ಣು ಮೊದಲು ಹತ್ತಿರದ ಬೆಟ್ಟದ ಮೇಲೆ ಪಳಗಬೇಕು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ನಾನು ಹುಡುಗರನ್ನು ಕರೆದೊಯ್ಯುವುದು ಈ ಕಾರಣಕ್ಕೆ. ಅಲ್ಲಿ ಎಂ.ಎಚ್. ಕೃಷ್ಣ ಅವರು, ಬಳಿಕ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆತ ನಡೆಸಿದರು. ಆ ಮಣ್ಣಿನಲ್ಲಿ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನಮ್ಮ 900 ಮಂದಿ ರೂಮ್ ದೇಶವನ್ನು ಹುಡುಕಿಕೊಂಡು ಹೊರಡುವುದಕ್ಕೆ ಸಾವಿರದ ಏಳುನೂರಕ್ಕೂ ಹೆಚ್ಚು ವರ್ಷ ಮೊದಲೇ ರೋಮಿನ ಬೆಳ್ಳಿ ನಮ್ಮ ದುರ್ಗದ ಬುಡಕ್ಕೆ ಬಂದು ಬಿದ್ದಿತ್ತು. ಇದನ್ನು ಹೇಳಿದಾಗ ಹುಡುಗರು ನೆಲವನ್ನು ನೋಡುವ ರೀತಿಯೇ ಬದಲಾಗುತ್ತದೆ.

ಉಳಿಯುವುದು ಬರೆದದ್ದು

ನನ್ನ ಅಜ್ಜ ಹೊಳಲ್ಕೆರೆಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದವರು. ಮುಂಬೈಯಿಂದ ಹಡಗಿನಲ್ಲಿ ಹಜ್ಜಿಗೆ ಹೋಗಿಬಂದಿದ್ದರು. ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅವರು ಆ ಪ್ರಯಾಣವನ್ನು ಕನ್ನಡ ಲಿಪಿಯಲ್ಲಿ, ನಮ್ಮ ಮನೆಯ ಉರ್ದುವಿನಲ್ಲಿ ಬರೆದಿಟ್ಟಿದ್ದರೆಂದು ತಂದೆ ಹೇಳುತ್ತಿದ್ದರು. ಹಡಗಿನಲ್ಲಿ ಯಾರಿಗೆ ವಾಂತಿಯಾಯಿತು, ನೀರು ಎಷ್ಟು ಕೊಟ್ಟರು, ಜಿದ್ದಾದಲ್ಲಿ ರೊಟ್ಟಿಗೆ ಎಷ್ಟು ಬೆಲೆ, ಸಮುದ್ರದಲ್ಲಿಯೇ ದಫನು ಮಾಡಬೇಕಾಗಿ ಬಂದ ಸಹಯಾತ್ರಿಕರ ಹೆಸರುಗಳೇನು, ಎಲ್ಲವೂ ಅದರಲ್ಲಿ ಇದ್ದುವಂತೆ. ಮನೆಗೆ ಸುಣ್ಣ ಬಳಿಸುವಾಗ ಹಳೆಯ ಕಾಗದಗಳೊಂದಿಗೆ ಅದನ್ನು ರದ್ದಿಗೆ ಹಾಕಿದವನು ನಾನೇ. ಆಗ ನನಗೆ ಹದಿನೇಳು ವರ್ಷ. ಬಿ.ಎ. ತರಗತಿಯಲ್ಲಿ ಪ್ರವಾಸಕಥನದ ಪಾಠ ಕೇಳುವಾಗ ನಾನು ಏನನ್ನು ತೂಕಕ್ಕೆ ಮಾರಿದೆನೆಂಬುದು ಅರಿವಾಯಿತು. ಸಮುದ್ರದಲ್ಲಿ ಮಣ್ಣು ಕಾಣದೆ ಹೋದ ಆ ಯಾತ್ರಿಕರ ಹೆಸರುಗಳು ಬೇರೆಲ್ಲಿಯಾದರೂ ಉಳಿದಿರಲಾರವು. ಇಸ್ತಾಂಬುಲಿನ ಚಳಿಯಲ್ಲಿ ತೀರಿಕೊಂಡ ಅಡುಗೆಯವರ, ಸೇವಕರ ಹೆಸರುಗಳಿಗೂ ಅದೇ ಗತಿಯಾಗಿದೆ. ನಾಲ್ವರು ಖಾನರ ಹೆಸರು ನಮಗೆ ಗೊತ್ತು. ಅವರ ಪಲ್ಲಕ್ಕಿ ಹೊತ್ತವರದು ಗೊತ್ತಿಲ್ಲ.

ಆದುದರಿಂದ ಹಜ್, ಉಮ್ರಾ, ಬೈತುಲ್ ಮುಖದ್ದಸ್, ಕೈರೋ, ಇಸ್ತಾಂಬುಲ್ ಎಂದು ಹೊರಡುವ ನಮ್ಮ ಸೋದರ ಸೋದರಿಯರಲ್ಲಿ ನನ್ನದೊಂದು ಕೋರಿಕೆ. ನಲವತ್ತು ಪುಟದ ಒಂದು ನೋಟ್‌ಬುಕ್ ಜೊತೆಗಿರಲಿ. ರಾತ್ರಿ ಮಲಗುವ ಮುನ್ನ ಹತ್ತು ಸಾಲು ಬರೆಯಿರಿ. ಕಟ್ಟಡದ ಎತ್ತರವನ್ನು ಇಂಟರ್‌ನೆಟ್ಟಿನವರು ಬರೆದಿರುತ್ತಾರೆ. ನೀವು ಮಾತನಾಡಿಸಿದ ಅಂಗಡಿಯವನ ಕಷ್ಟಸುಖವನ್ನು, ಜೊತೆಯ ಯಾತ್ರಿಕ ಕಾಯಿಲೆ ಬಿದ್ದಾಗ ನೋಡಿಕೊಂಡವರು ಯಾರೆಂಬುದನ್ನು, ಅಳಿದ ಅರಮನೆಯ ಮುಂದೆ ನಿಮ್ಮ ಮನಸ್ಸಿಗೆ ಬಂದದ್ದನ್ನು ನೀವೇ ಬರೆಯಬೇಕು. ಮೆಚ್ಚುಗೆಯಾದರೆ ಮೆಚ್ಚುಗೆ, ಬೇಸರವಾದರೆ ಬೇಸರ. ಕನ್ನಡದಲ್ಲಿಯೇ ಬರೆಯಿರಿ, ನಿಮ್ಮ ಮೊಮ್ಮಕ್ಕಳು ಓದುವ ಭಾಷೆ ಅದು. ಹೊರಡುವ ಮುನ್ನ ಒಂದು ಭಾನುವಾರ ಮಕ್ಕಳೊಂದಿಗೆ ಕಲ್ಲಿನ ಕೋಟೆ ಹತ್ತಿ, ಅಲ್ಲಿಯ ಗೈಡ್ ಹೇಳುವ ಕಥೆಯನ್ನು ಕೊನೆಯವರೆಗೆ ನಿಂತು ಕೇಳಿರಿ.

ಹೊಸದುರ್ಗದ ಹಿರಿಯರ ಬಳಿಗೆ ನಾನು ಆ ಹುಡುಗನನ್ನು ಮತ್ತೆ ಎರಡು ಬಾರಿ ಕಳುಹಿಸಿದೆ. ಅವರು ಹೇಳುತ್ತಾರೆ, ಇವನು ಬರೆದುಕೊಳ್ಳುತ್ತಾನೆ. ಫೋಟೋ ತೋರಿಸುತ್ತಾ ಏನೂ ನೆನಪಿಲ್ಲವೆಂದಿದ್ದವರು, ಪ್ರಶ್ನೆ ಕೇಳುವವನೊಬ್ಬ ಎದುರಿಗೆ ಕುಳಿತ ಮೇಲೆ ಬಹಳಷ್ಟನ್ನು ನೆನಪಿಸಿಕೊಂಡಿದ್ದಾರೆ. ತೊಪ್‌ಕಾಪಿಯ ಅಂಗಳದಲ್ಲಿ ಮೊಣಕಾಲು ನೋವಿನಿಂದ ಕುಳಿತಾಗ ಅಪರಿಚಿತ ತುರ್ಕಿ ಹೆಂಗಸೊಬ್ಬರು ನೀರು ತಂದುಕೊಟ್ಟ ಸಂಗತಿ ಹನ್ನೊಂದನೆಯ ಪುಟದಲ್ಲಿದೆ. ಈವರೆಗೆ ಹದಿನಾಲ್ಕು ಪುಟಗಳಾಗಿವೆ. ನಮ್ಮೆಲ್ಲರ ಪ್ರಯಾಣಗಳನ್ನು ಅಲ್ಲಾಹನು ಪಾಠವಾಗಿಸಲಿ, ಕಂಡದ್ದನ್ನು ನ್ಯಾಯದಿಂದ ಹೇಳುವ ನಾಲಿಗೆಯನ್ನು ನಮಗೆ ಕರುಣಿಸಲಿ. ಆಮೀನ್.